ಹಿಂದಿನ ಸಾಲು ನೋಡಿ, ಆಮೇಲೆ ಫೀಸು ಕಟ್ಟಿ

ಜೂನ್ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕರೆಂಟ್ ಕಂಬಗಳಲ್ಲಿ ಟ್ಯೂಷನ್ ಬೋರ್ಡುಗಳ ಪಕ್ಕ ಡ್ಯಾನ್ಸ್ ಕ್ಲಾಸಿನ ಬೋರ್ಡುಗಳೂ ನೇತಾಡುತ್ತವೆ. ಭರತನಾಟ್ಯ, ಫ್ರೀಸ್ಟೈಲ್, ಜಾನಪದ, ಮೇಲಿಂದ ಕರಾಟೆ, ಯೋಗ ಎಲ್ಲವೂ ಒಂದೇ ಫ್ಲೆಕ್ಸಿನಲ್ಲಿ. ಮಗುವನ್ನು ಸೇರಿಸಬೇಕೆಂದಿರುವ ಅಪ್ಪ ಅಮ್ಮ ಸಾಮಾನ್ಯವಾಗಿ ಅಳತೆಗೆ ಹಿಡಿಯುವುದು ಆ ಕ್ಲಾಸಿನವರು ಗಣಪತಿ ಪೆಂಡಾಲಿನಲ್ಲೋ ಸ್ಕೂಲ್ ಡೇಯಲ್ಲೋ ಕೊಟ್ಟ ಕಾರ್ಯಕ್ರಮವನ್ನು. ಲೈಟು, ಮೇಕಪ್ಪು, ಮುಂದೆ ನಿಲ್ಲಿಸಿದ ನಾಲ್ಕು ಚುರುಕು ಮಕ್ಕಳು ಇದ್ದರೆ ಯಾವ ಕ್ಲಾಸೂ ಚೆನ್ನಾಗಿಯೇ ಕಾಣುತ್ತದೆ. ಅದರ ನಿಜವಾದ ಮಟ್ಟ ಗೊತ್ತಾಗಬೇಕಾದರೆ ವಾರದ ನಡುವಿನ ಒಂದು ಸಪ್ಪೆ ಸಂಜೆ ಹೋಗಿ, ಹಿಂದಿನ ಸಾಲಿನಲ್ಲಿ ನಿಂತ ಮಕ್ಕಳ ಕಾಲು ನೋಡಬೇಕು.

ಫೀಸು ವಿಚಾರಿಸುವ ಮುಂಚೆ, ‘ಒಂದು ಕ್ಲಾಸು ಕೂತು ನೋಡಬಹುದಾ ಮೇಡಂ?’ ಎಂದು ಕೇಳಿ. ಒಳ್ಳೆಯ ಗುರುಗಳು ಬೇಡ ಎನ್ನುವುದಿಲ್ಲ. ದಿನಾ ಅಪ್ಪ ಅಮ್ಮ ಬಂದು ಕೂತರೆ ಮಕ್ಕಳ ಗಮನ ಹೋಗುತ್ತದೆ ಎನ್ನುವವರಿದ್ದಾರೆ, ಆ ಮಾತು ಸರಿಯೇ. ಆದರೆ ಸೇರಿಸುವ ಮುಂಚೆ ಒಂದು ದಿನವೂ ಬಾಗಿಲು ದಾಟಲು ಬಿಡದ ಕಡೆ ಮಗುವನ್ನು ಬಿಟ್ಟು ಬರುವುದು ಬೇಡ.

ಭರತನಾಟ್ಯದ ಕ್ಲಾಸಾದರೆ ನೋಡಬೇಕಾದ್ದು ಅರೆಮಂಡಿ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತ ನಿಲುವು. ನಮ್ಮಲ್ಲಿ ಇದನ್ನು ವಿವರಿಸುವುದು ಸುಲಭ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೇ ಶತಮಾನದ ಕಲ್ಲೇಶ್ವರ ಗುಡಿಯಿದೆ. ಅದರ ಒಳಛಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿನ ದಿಕ್ಪಾಲಕರು. ಕತ್ತೆತ್ತಿ ಅವನ ಬಾಗಿದ ಮಂಡಿಯನ್ನು ಮಗುವಿಗೆ ತೋರಿಸಿ. ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದರೆ ಮಗುವಿಗೆ ಕುಣಿತದಲ್ಲಿ ಆಸಕ್ತಿ ಇದೆಯೋ, ಬರೀ ಗೆಜ್ಜೆ, ಜಡೆಬಿಲ್ಲೆಯ ಮೇಲೆ ಆಸೆಯೋ ಅನ್ನುವುದೂ ಸ್ವಲ್ಪ ಗೊತ್ತಾದೀತು. (ಎರಡನೆಯದೇ ಆದರೂ ತಪ್ಪಿಲ್ಲ. ಎಷ್ಟೋ ಮಕ್ಕಳು ಶುರು ಮಾಡುವುದು ಅಲ್ಲಿಂದಲೇ.)

ಅರೆಮಂಡಿಯಲ್ಲಿ ಕೂತಾಗ ಮಂಡಿ ಕಾಲ್ಬೆರಳುಗಳ ದಿಕ್ಕಿಗೇ ಬಾಗಬೇಕು. ಪಾದವನ್ನು ಮಾತ್ರ ಹೊರಕ್ಕೆ ತಿರುಗಿಸಿ ಮಂಡಿ ಮುಂದಕ್ಕೇ ಉಳಿದರೆ ಭಾರವೆಲ್ಲ ಮಂಡಿಯ ಕೀಲಿನ ಮೇಲೆ ತಿರುಚಿಕೊಂಡು ಬೀಳುತ್ತದೆ. ಕಾಲು ತೆರೆದುಕೊಳ್ಳಬೇಕಾದ್ದು ಸೊಂಟದ ಕೀಲಿನಿಂದ. ಎಳೆಯ ಮಕ್ಕಳಿಗೆ ಇದು ಒಂದೇ ದಿನಕ್ಕೆ ಬರುವುದಿಲ್ಲ, ಎಷ್ಟು ತೆರೆಯುತ್ತದೋ ಅಷ್ಟರಲ್ಲೇ ನಿಲ್ಲಿಸಿ ನಿಧಾನಕ್ಕೆ ತರಬೇಕು. ‘ಇನ್ನೂ ಕೂರು, ಇನ್ನೂ ಕೂರು’ ಎಂದು ಭುಜ ಒತ್ತುವ ಗುರುವಿಗಿಂತ, ಮಂಡಿ ಮುಟ್ಟಿ ದಿಕ್ಕು ಸರಿಮಾಡುವ ಗುರು ಬಲ್ಲವರು. ಹಿಂದಿನ ಸಾಲಿನ ಮಗುವಿನ ಹತ್ತಿರಕ್ಕೂ ಅವರು ಹೋಗುತ್ತಾರೆಯೇ? ಅಥವಾ ಹಿಂದಿನವರೆಲ್ಲ ಮುಂದಿನವರನ್ನು ನೋಡಿಕೊಂಡು ಕೈಕಾಲು ಆಡಿಸುತ್ತ ಒಂದು ಗಂಟೆ ಕಳೆಯುತ್ತಾರೆಯೇ?

ಆಮೇಲೆ ಕಿವಿಗೊಡಿ. ಗುರು ತಟ್ಟುಕೋಲು ಹಿಡಿದು ತಾಳ ಹಾಕುತ್ತ, ಬಾಯಲ್ಲಿ ಸೊಲ್ಲು (ತಾಳದ ಅಕ್ಷರ) ಹೇಳುತ್ತ ಅಡವು, ಅಂದರೆ ಮೂಲ ಹೆಜ್ಜೆಗಳನ್ನು, ಮಾಡಿಸುತ್ತಿದ್ದರೆ ಮಗು ಎಡವಿದ ಕಡೆ ನಿಲ್ಲಿಸಿ, ನಿಧಾನ ಮಾಡಿ, ಮತ್ತೆ ಮಾಡಿಸಬಹುದು. ಬ್ಲೂಟೂತ್ ಸ್ಪೀಕರು ಯಾರಿಗಾಗಿಯೂ ನಿಲ್ಲುವುದಿಲ್ಲ. ತಟ್ಟಡವು, ಮೆಟ್ಟಡವು, ನಾಟಡವು ಇವೆಲ್ಲ ಮೂರು ಕಾಲದಲ್ಲಿ (ವೇಗದಲ್ಲಿ) ಹದಕ್ಕೆ ಬರಲು ವಾರಕ್ಕೆರಡು ಕ್ಲಾಸಿನ ಲೆಕ್ಕದಲ್ಲಿ ವರ್ಷವೇ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಅಟ್ಟಕ್ಕೆ ಹಾಕಿದ ಕಾಯಿ ಉಂಡೆಕೊಬ್ಬರಿ ಆಗಲು ಹತ್ತು ಹನ್ನೊಂದು ತಿಂಗಳು ಕಾಯುವ ಊರಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆರು ತಿಂಗಳಾಗುತ್ತಲೇ ‘ಇನ್ನೂ ಒಂದು ಹಾಡೂ ಕಲಿಸಿಲ್ಲವಲ್ಲ ಮೇಡಂ’ ಎಂದು ರಾಗ ತೆಗೆಯುವವರು ನಾವೇ. ಆ ಒತ್ತಾಯಕ್ಕೆ ಮಣಿದು ಎಷ್ಟೋ ಗುರುಗಳು ಅಡವು ಬಿಟ್ಟು ಹಾಡು ಹಿಡಿಯುತ್ತಾರೆ.

ಗುರುಗಳ ಓದನ್ನು ಕೇಳಲು ಸಂಕೋಚ ಬೇಡ. ಯಾರ ಹತ್ತಿರ ಕಲಿತಿರಿ, ಯಾವ ಪರೀಕ್ಷೆ ಆಗಿದೆ, ಈಗಲೂ ಕಲಿಯುತ್ತಿದ್ದೀರಾ ಎಂದು ಕೇಳಬಹುದು. ರಾಜ್ಯದ ನೃತ್ಯ ಪರೀಕ್ಷೆಯಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂದು ನಾಲ್ಕು ಮೆಟ್ಟಿಲು. ಮುಂಚೆ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಇವನ್ನು ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ನಡೆಸುತ್ತದೆ. ಕುಣಿದು ತೋರಿಸಿದರೆ ಸಾಲದು, ಶಾಸ್ತ್ರವನ್ನು ಬರೆದೂ ಪಾಸಾಗಬೇಕು. ಜೂನಿಯರ್ ಮುಗಿಸಿದ ಹುಡುಗಿಯೊಬ್ಬಳು ಗುರುಗಳ ಕಣ್ಣೆದುರಿಗೆ ಪುಟ್ಟ ಮಕ್ಕಳಿಗೆ ಅಡವು ಹೇಳಿಕೊಟ್ಟರೆ ತೊಂದರೆಯಿಲ್ಲ. ಫ್ಲೆಕ್ಸಿನಲ್ಲಿ ವಿದುಷಿಯ ಹೆಸರು, ಕ್ಲಾಸಿನಲ್ಲಿ ಯಾವಾಗಲೂ ಆ ಹುಡುಗಿಯೇ ಎಂದಾದರೆ ವಿಚಾರಿಸಿ. ಶೈಲಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಜಟ್ಟಿ ತಾಯಮ್ಮ, ವೆಂಕಟಲಕ್ಷಮ್ಮನವರ ಮೈಸೂರು ಶೈಲಿಯಾಗಲಿ, ತಂಜಾವೂರು ಕಡೆಯ ಪಂದನಲ್ಲೂರಾಗಲಿ, ಏಳು ವರ್ಷದ ಮಗುವಿಗೆ ಬೇಕಾದ್ದು ನೆಟ್ಟಗಿನ ಬೆನ್ನು ಮತ್ತು ತಪ್ಪದ ತಾಳ.

ಸಿನಿಮಾ ಹಾಡಿಗೆ ಕುಣಿಸುವ ಕ್ಲಾಸುಗಳನ್ನು ಕೀಳು ಮಾಡುವ ಅಭ್ಯಾಸ ನಮ್ಮಲ್ಲಿದೆ. ಅದು ಸರಿಯಲ್ಲ. ಚೆನ್ನಾಗಿ ಕಲಿಸುವ ಹುಡುಗರು ಅಲ್ಲೂ ಇದ್ದಾರೆ. ಅಲ್ಲಿ ನೋಡುವ ವಿಷಯ ಬೇರೆ. ಮೈ ಬಿಸಿ ಮಾಡಿಸದೆ ನೇರ ಕುಣಿತಕ್ಕೆ ಇಳಿಸುತ್ತಾರೆಯೇ, ಪಲ್ಟಿ ಹೊಡೆಸುವಾಗ ದಪ್ಪ ಮ್ಯಾಟ್ ಹಾಸುತ್ತಾರೆಯೇ, ಎಂಟು ವರ್ಷದವಳ ಕೈಲಿ ದೊಡ್ಡವರ ಹಾವಭಾವ ಮಾಡಿಸುತ್ತಾರೆಯೇ ಎಂಬುದನ್ನು ಗಮನಿಸಿ. ಟಿವಿ ಶೋ ಆಡಿಷನ್ ಎಂದು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಜಾನಪದದ ಕಥೆ ಇನ್ನೊಂದು. ಸೋಮನ ಕುಣಿತ, ವೀರಗಾಸೆ ಈ ಸೀಮೆಯಲ್ಲಿ ಜಾತ್ರೆಯ ಜೊತೆ, ಮನೆತನದ ಜೊತೆ ಬಂದವು. ಪ್ರತಿಭಾ ಕಾರಂಜಿಗೆಂದು ಹದಿನೈದು ದಿನದಲ್ಲಿ ಕಲಿಸುವ ಕ್ಲಾಸಿಗಿಂತ, ಹಳ್ಳಿಯಲ್ಲಿ ಅದನ್ನು ಕಟ್ಟಿ ಕುಣಿದ ಹಿರಿಯರೊಬ್ಬರನ್ನು ಶಾಲೆಗೆ ಕರೆಸುವುದು ಎಷ್ಟೋ ಮೇಲು.

ಕೋಣೆಯ ನೆಲವನ್ನೂ ನೋಡಿ. ಹೊಸ ಮಹಡಿಗಳ ನುಣುಪಿನ ಟೈಲ್ಸ್ ಮೇಲೆ ಬೆವರಿದ ಬರಿಗಾಲು ಜಾರುತ್ತದೆ, ಒರಟು ಸಿಮೆಂಟಿನ ಮೇಲೆ ಹಿಮ್ಮಡಿ ನೋಯುತ್ತದೆ. ಮರದ ನೆಲ ನಮ್ಮ ತಾಲ್ಲೂಕು ಊರುಗಳಲ್ಲಿ ಸಿಗುವುದು ಕಷ್ಟ. ಹಳೆಯ ಕೆಂಪು ಗಾರೆಯ ನೆಲ ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ ಕುಣಿತದ ನಡುವೆ ವಿಶ್ರಾಂತಿ ಕೊಡುತ್ತಾರೋ ಇಲ್ಲವೋ ನೋಡಿಕೊಳ್ಳಿ. ಗಾಳಿ ಬೆಳಕು, ಕುಡಿಯುವ ನೀರು, ಚಿಲಕ ನೆಟ್ಟಗಿರುವ ಶೌಚಾಲಯ ಬೇಕೇ ಬೇಕು. ಡ್ರೆಸ್ ಹಾಕಿಕೊಳ್ಳುವ ಜಾಗ ಮರೆಯಲ್ಲಿರಲಿ, ಅಲ್ಲಿ ಯಾರಿರುತ್ತಾರೆಂದು ಕೇಳಿ ತಿಳಿದುಕೊಳ್ಳಿ. ಒಬ್ಬೊಬ್ಬರನ್ನೇ ಬಾಗಿಲು ಹಾಕಿಕೊಂಡು ‘ಸ್ಪೆಷಲ್ ಕ್ಲಾಸ್’ ಮಾಡುವ ಕಡೆ ಬೇಡವೇ ಬೇಡ. 2012ರ ಪೋಕ್ಸೊ ಕಾಯ್ದೆ ಡ್ಯಾನ್ಸ್ ಕ್ಲಾಸಿಗೂ ಅನ್ವಯಿಸುತ್ತದೆ, ಮಕ್ಕಳ ಸಹಾಯವಾಣಿ 1098 ನೆನಪಿರಲಿ. ದಪ್ಪ, ಕಪ್ಪು ಎಂದು ಮಕ್ಕಳೆದುರೇ ಆಡಿಕೊಳ್ಳುವ ಗುರು ಎಷ್ಟೇ ವಿದ್ವಾಂಸರಾದರೂ ಕೈಮುಗಿದು ಬಂದುಬಿಡಿ.

ಹಳ್ಳಿಯವರಿಗೆ ದೊಡ್ಡ ಪ್ರಶ್ನೆ ದಾರಿ. ಹುಳಿಯಾರಿನಿಂದಲೋ ಮಾಯಸಂದ್ರದಿಂದಲೋ ಸಂಜೆ ಬಸ್ಸು ಹಿಡಿದು ತಿಪಟೂರಿಗೆ ಬಂದು ಕತ್ತಲಾದ ಮೇಲೆ ವಾಪಸು ಹೋಗುವುದು ಮೂರು ತಿಂಗಳಿಗೇ ಸಾಕೆನಿಸುತ್ತದೆ. ಬೆಂಗಳೂರಿನಿಂದಲೋ ತುಮಕೂರಿನಿಂದಲೋ ವಾರಕ್ಕೊಮ್ಮೆ ಬರುವ ಒಳ್ಳೆಯ ಗುರು ಸಿಕ್ಕಿದರೆ, ಅವರು ಬಾರದ ವಾರ ಏನು ಗತಿ, ಮನೆಯಲ್ಲಿ ದಿನಕ್ಕೆಷ್ಟು ಹೊತ್ತು ಯಾವ ಅಡವು ಮಾಡಬೇಕು ಎಂಬುದನ್ನು ಮೊದಲೇ ಕೇಳಿ. ನನ್ನ ಕೇಳಿದರೆ, ದೂರದ ಹೆಸರುವಾಸಿಗಿಂತ ಹತ್ತಿರದ ಶ್ರದ್ಧೆಯ ಟೀಚರೇ ಮೊದಲ ಎರಡು ವರ್ಷಕ್ಕೆ ಸರಿ.

ಫೀಸಿನಲ್ಲಿ ಮೋಸ ಹೋಗುವುದು ತಿಂಗಳ ದುಡ್ಡಿನಲ್ಲಲ್ಲ, ಆಮೇಲೆ ಬರುವ ಬಾಬತ್ತುಗಳಲ್ಲಿ. ಡ್ರೆಸ್ ಬಾಡಿಗೆ, ಮೇಕಪ್, ಗೆಜ್ಜೆಪೂಜೆ, ಪರೀಕ್ಷೆ ಫೀಸು, ವರ್ಷಕ್ಕೆಷ್ಟು ಕಾರ್ಯಕ್ರಮ, ಪ್ರತಿಯೊಂದಕ್ಕೂ ಎಷ್ಟು ಕೊಡಬೇಕು ಎಂದು ಮೊದಲ ದಿನವೇ ಕೇಳಿ ಬರೆದುಕೊಳ್ಳಿ. ರಂಗಪ್ರವೇಶಕ್ಕೆ ಹಾಲ್ ಬಾಡಿಗೆ, ಪಕ್ಕವಾದ್ಯ, ಊಟ ಸೇರಿ ಲಕ್ಷಗಟ್ಟಲೆ ಆಗುವುದುಂಟು. ಎರಡು ಮೂರು ವರ್ಷದಲ್ಲಿ ರಂಗಪ್ರವೇಶ ಮಾಡಿಸುತ್ತೇವೆ ಎನ್ನುವವರು ಕಲೆಯ ಲೆಕ್ಕ ಬಿಟ್ಟು ಬೇರೆ ಲೆಕ್ಕ ಹಾಕುತ್ತಿದ್ದಾರೆ.

ಮೂರು ತಿಂಗಳು ನೋಡಿಯೂ ಹೊಂದಲಿಲ್ಲವೆಂದರೆ ಬಿಡಿಸುವುದರಲ್ಲಿ ಅವಮಾನವಿಲ್ಲ. ಫೋನು ಎತ್ತದೆ ತಪ್ಪಿಸಿಕೊಂಡು ತಿರುಗಬೇಡಿ. ಬಾಕಿ ಕೊಟ್ಟು, ಕಾರಣವನ್ನು ಮುಖತಃ ಹೇಳಿ. ಊರು ಚಿಕ್ಕದು, ಆ ಗುರುಗಳು ನಾಳೆ ಪ್ರತಿಭಾ ಕಾರಂಜಿಯಲ್ಲಿ ತೀರ್ಪುಗಾರರಾಗಿ ಕೂತಿರುತ್ತಾರೆ.