ಬಿಳಿಗಾರ: ಹೊಲಕ್ಕೆ ಬೇಕಿರುವುದು ಚೂರೇ ಚೂರು, ಆದರೆ ಅಳತೆ ತಪ್ಪುವಂತಿಲ್ಲ

ಅಕ್ಕಸಾಲಿಗರು ಬೆಸುಗೆ ಹಾಕುವಾಗ ಬಳಸುವ ಬಿಳಿ ಪುಡಿಯೇ ಬಿಳಿಗಾರ, ಅಂದರೆ ಬೊರಾಕ್ಸ್. ಇದೇ ಪುಡಿ ಶೇಂಗಾ ಹೊಲಕ್ಕೂ ಬೇಕು ಅಂದ್ರೆ ಎಷ್ಟೋ ಜನ ನಂಬಲ್ಲ. ಆದರೆ ರಸಗೊಬ್ಬರದ ರಾಜಕೀಯ ಅರ್ಥವಾಗಬೇಕಾದರೆ ಯೂರಿಯಾ ಜೊತೆಗೆ ಇದನ್ನೂ ನೋಡಬೇಕು ಅನ್ನೋದು ನನ್ನ ವಾದ.

ಬಿಳಿಗಾರ ಎಂಬುದು ಸೋಡಿಯಂ, ಬೋರಾನ್, ಆಮ್ಲಜನಕ ಮತ್ತು ನೀರು ಸೇರಿದ ಲವಣ. ಅದರ ತೂಕದಲ್ಲಿ ಶೇ. 11ರಷ್ಟು ಬೋರಾನ್. ಕಾಯಿಸಿದರೆ ನೀರು ಬಿಟ್ಟು ಉಬ್ಬುತ್ತದೆ, ಸುಮಾರು 740 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಗಾಜಿನಂತಾಗುತ್ತದೆ. ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಆಗಲೇ ಬೆಸುಗೆ ಹಿಡಿಯುವುದು.

ಮಣ್ಣಿನಲ್ಲಿ ಕಥೆ ಬೇರೆ. ಅಲ್ಲಿ ಬೋರಾನ್ ಹೆಚ್ಚಾಗಿ ಬೋರಿಕ್ ಆಮ್ಲದ ರೂಪದಲ್ಲಿರುತ್ತದೆ. ಅದಕ್ಕೆ ವಿದ್ಯುದಂಶ ಇಲ್ಲದ ಕಾರಣ ಮಣ್ಣಿನ ಕಣಗಳು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಲ್ಲ. ಜೋರು ಮಳೆ ಬಂದರೆ ಬೇರಿಗೆ ಸಿಗದಷ್ಟು ಆಳಕ್ಕೆ ಇಳಿದುಹೋಗುತ್ತೆ. ಮರಳು ಮಿಶ್ರಿತ ಮಣ್ಣಿನಲ್ಲಿ ಕೊರತೆ ಹೆಚ್ಚು ಕಾಣೋದು ಇದಕ್ಕೇ. ಗಿಡದ ಜೀವಕೋಶದ ಗೋಡೆಯಲ್ಲಿ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಕಟ್ಟುವುದು ಬೋರಾನ್. ಅದಿಲ್ಲದಿದ್ದರೆ ಕುಡಿ ಮುರುಟುತ್ತದೆ, ಸೂರ್ಯಕಾಂತಿ ಜೊಳ್ಳಾಗುತ್ತದೆ, ಶೇಂಗಾ ಬೀಜದೊಳಗೆ ಟೊಳ್ಳು ಬೀಳುತ್ತದೆ.

ಕರ್ನಾಟಕ ಸರ್ಕಾರ 2009ರಲ್ಲಿ ಇಕ್ರಿಸ್ಯಾಟ್ ಜೊತೆ ಆರಂಭಿಸಿದ ‘ಭೂಚೇತನ’ ಯೋಜನೆ ಮಣ್ಣು ಪರೀಕ್ಷೆಯನ್ನು ಆಧರಿಸಿ ಗಂಧಕ, ಸತು, ಬೋರಾನ್ ಕೊರತೆ ನೀಗಿಸಲು ಹೊರಟಿತು. ಕೊರತೆ ಇರುವ ಹೆಕ್ಟೇರಿಗೆ ಬೇಕಾದ್ದು ಅರ್ಧ ಕೆಜಿ ಬೋರಾನ್, ಅಂದರೆ ಸುಮಾರು ನಾಲ್ಕೂವರೆ ಕೆಜಿ ಬಿಳಿಗಾರ.

ದೆಹಲಿಯ ಲೆಕ್ಕ ನೋಡಿ. 2010ರ ಪೋಷಕಾಂಶ ಆಧಾರಿತ ಸಬ್ಸಿಡಿ ನೀತಿ ಬೋರಾನ್ ಬೆರೆಸಿದ ಗೊಬ್ಬರಕ್ಕೆ ಹೆಚ್ಚುವರಿಯಾಗಿ ಕೊಟ್ಟಿದ್ದು ಟನ್ನಿಗೆ 300 ರೂಪಾಯಿ. 50 ಕೆಜಿ ಚೀಲಕ್ಕೆ 15 ರೂಪಾಯಿ! ಯೂರಿಯಾ ಮಾತ್ರ ಆ ನೀತಿಯ ಹೊರಗಿದ್ದು ಅಗ್ಗವಾಗೇ ಉಳಿಯಿತು. ಹೊಲ ಹಸಿರಾಗಿ ಕಾಣೋಕೆ ಯೂರಿಯಾ ಸಾಕು, ಕಾಳು ತುಂಬೋಕೆ ಸಾಲದು.

ಹಾಗಂತ ಬಿಳಿಗಾರವನ್ನು ಎಲ್ಲರಿಗೂ ಹಂಚಿ ಅಂತ ನಾನು ಕೇಳ್ತಿಲ್ಲ. ಬೋರಾನ್‌ನಲ್ಲಿ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಡಿಮೆ. ಹೆಚ್ಚಾದರೆ ಎಲೆಯಂಚು ಸುಡುತ್ತದೆ. ಹಾಗಾಗಿ ಪರೀಕ್ಷೆ ಇಲ್ಲದೆ ಹಾಕುವಂತಿಲ್ಲ. 2015ರ ಮಣ್ಣು ಆರೋಗ್ಯ ಕಾರ್ಡ್ ಪರೀಕ್ಷಿಸುವ 12 ಅಂಶಗಳಲ್ಲಿ ಬೋರಾನ್ ಕೂಡ ಇದೆ. ಆದರೆ ಯೋಜನೆ ಶುರುವಾದಾಗ ಮಳೆಯಾಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ ಇಟ್ಟಿದ್ದು ಒಂದೇ ಮಾದರಿ. ಎರಡು ಎಕರೆ ಇರುವ ರೈತರಿಗೆ ತಮ್ಮ ಹೊಲದ ಕೊರತೆ ಇದರಿಂದ ಹೇಗೆ ಗೊತ್ತಾಗಬೇಕು?

ನಾವು ಕೇಳಬೇಕಾದ್ದು ಇದನ್ನೇ: ಮೊದಲು ಪ್ರತಿ ಹೊಲದ ಮಣ್ಣು ಪರೀಕ್ಷೆ ಆಗಲಿ, ಗೊಬ್ಬರ ಆಮೇಲೆ.