ದಣಪೆಯಾಚೆ ಹೋದವರ ವಾಸನೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತೋಟದ ಮನೆಯವರು ನಾಲ್ಕು ದಿನ ಮದುವೆಗೆ ಹೊರಟರೆ ಮೊದಲು ಏಳುವ ಪ್ರಶ್ನೆ, 'ಕೊಟ್ಟಿಗೆಗೆ ಯಾರು?' ಹುಲ್ಲೆಷ್ಟು, ಅಕ್ಕಚ್ಚು ಯಾವಾಗ, ಯಾವ ದನ ಒದೆಯುತ್ತದೆ ಎಂದೆಲ್ಲ ಬರುವವರಿಗೆ ವಿವರವಾಗಿ ಹೇಳಿಯಾಗುತ್ತದೆ. ನಾಯಿಗೆ ಒಂದೇ ಮಾತು: 'ಅದಕ್ಕೊಂದಿಷ್ಟು ಅನ್ನ ಹಾಕಿ.' ಹಾಕಿದ ಅನ್ನವನ್ನು ಅದು ಮೂಸಿ, ಬಿಟ್ಟು, ದಣಪೆಯ ಬುಡದಲ್ಲಿ ಹೋಗಿ ಮಲಗುತ್ತದೆ.

ವಾಸನೆ ಹಿಡಿಯುವ ಕೋಶಗಳು ನಮ್ಮ ಮೂಗಿನಲ್ಲಿ 50-60 ಲಕ್ಷವಾದರೆ ನಾಯಿಗೆ 20 ಕೋಟಿಯ ಆಸುಪಾಸು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ತಂಡ 12 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗುವುದನ್ನು ಕಲಿಸಿ, ಐದು ಬಗೆಯ ವಾಸನೆ ಮೂಸಲು ಕೊಟ್ಟಿತು: ತನ್ನದೇ ಮೈಯದು, ಗುರುತಿನ ನಾಯಿಯದು, ಗುರುತಿಲ್ಲದ ನಾಯಿಯದು, ಮನೆಯವರೊಬ್ಬರದು, ಅಪರಿಚಿತರದು. ಒಳ್ಳೆಯದೇನೋ ಬರಲಿದೆ ಎಂದಾಗ ಚುರುಕಾಗುವ ಮಿದುಳಿನ ಭಾಗ ಹೆಚ್ಚು ಮಿಡಿದದ್ದು ಮನೆಯವರ ವಾಸನೆಗೆ, ಅವರು ಎದುರಿಗಿಲ್ಲದಿದ್ದರೂ. ಹಾಗಾಗಿ ಹೊರಡುವ ಮುನ್ನ ಒಗೆಯದ ಹಳೇ ಪಂಚೆಯೊಂದನ್ನು ನಾಯಿಯ ಗೋಣಿಚೀಲದ ಮೇಲೆ ಹಾಸಿ. ನೋಡಿಕೊಳ್ಳುವವರು ವಾರ ಮೊದಲೇ ಬಂದು, ನೀವಿರುವಾಗಲೇ ಎರಡು ಮೂರು ಸಲ ತಮ್ಮ ಕೈಯಿಂದ ಅನ್ನ ಹಾಕಲಿ.

ಯಾವ ಅನ್ನ ಎಂಬುದೂ ಮುಖ್ಯ. ಈರುಳ್ಳಿ ಮುಟ್ಟದ ಮನೆಯ ನಾಯಿಗೆ, ಪಾಪ ಎಂದು ತಮ್ಮ ಮನೆಯ ಸಾರನ್ನೇ ಕಲಸಿ ಹಾಕುವವರಿದ್ದಾರೆ. ಬೇಯಿಸಿದರೂ ಹೋಗದ ಈರುಳ್ಳಿಯ ಗಂಧಕದ ಅಂಶ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಲಕ್ಷಣ ಕಾಣುವುದಕ್ಕೆ ಕೆಲವು ದಿನ ಹಿಡಿಯುವುದರಿಂದ ಸಾರಿನ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಕಣದಲ್ಲಿ ಒಣಗುವ ಕಾಫಿಯ ಕೆಫೀನೂ ಅದರ ಗುಂಡಿಗೆಗೆ ಆಗದು. ಅಡಿಕೆಯದಂತೂ ಸ್ವಾರಸ್ಯದ ಕತೆ. ಅದರ ಅರೆಕೋಲಿನ್ ಎಂಬ ಸಾರದಿಂದ ಮಾಡಿದ ಔಷಧವನ್ನು ಒಂದು ಕಾಲಕ್ಕೆ ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳಿಗೆ ಕುಡಿಸಿ, ಭೇದಿ ಮಾಡಿಸಿ, ಲಾಡಿಹುಳ ಇದೆಯೇ ಎಂದು ನೋಡುತ್ತಿದ್ದರು. ಅಷ್ಟು ಬಲದ ವಸ್ತು ಅದು. ನಮ್ಮ ಅಂಗಳದ ನಾಯಿ ಅಡಿಕೆ ಜಗಿದು ಜೊಲ್ಲು ಸುರಿಸಿದರೆ ನಗಬೇಡಿ.

ಇನ್ನು ಉಣುಗು. ಊಟ ಬಿಟ್ಟ ನಾಯಿಯನ್ನು ಕಂಡು 'ನಿಮ್ಮದೇ ಧ್ಯಾನ ಅದಕ್ಕೆ' ಎಂದು ಫೋನಿನಲ್ಲಿ ಹೇಳುವುದು ಸುಲಭ. ಉಣುಗಿನಿಂದ ಬರುವ ಎರ್ಲಿಕಿಯಾ, ಬೆಬೀಸಿಯಾ ಸೋಂಕುಗಳೂ ಶುರುವಾಗುವುದು ಹಾಗೆಯೇ, ಊಟ ಬಿಟ್ಟು ಮಂಕಾಗುವುದರಿಂದ. ಮೈ ಮುಟ್ಟಿ ನೋಡಿದರೆ ಸಾಲದು. ಆರೋಗ್ಯವಂತ ನಾಯಿಯ ಮೈಯೇ 38.5 ಡಿಗ್ರಿ ಸೆಲ್ಸಿಯಸ್ ಆಜುಬಾಜು ಇರುವುದರಿಂದ ನಮ್ಮ ಕೈಗೆ ಯಾವಾಗಲೂ ಬಿಸಿಯೇ. ಅದರ ಬದಲು ತುಟಿ ಎತ್ತಿ ಒಸಡು ತೋರಿಸಿಕೊಡಿ. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಮೊದಲ ದಿನ ಊಟ ಬಿಟ್ಟರೆ ಕಾಯಬಹುದು. ಎರಡನೆಯ ದಿನವೂ ಬಿಟ್ಟರೆ, ಇಲ್ಲವೇ ಒಸಡು ಬೆಳ್ಳಗಾದರೆ, ಪಶುವೈದ್ಯರೇ ಗತಿ. ಅವರ ನಂಬರನ್ನು ಲಸಿಕೆಯ ಪುಸ್ತಕದ ಮೇಲೆ ದಪ್ಪಗೆ ಬರೆದಿಡಿ.

ಉಣುಗಿನಲ್ಲಿ ನೋಡಿಕೊಳ್ಳುವವರ ಪಾಲೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈ ಮೂರೂ ತಾಲ್ಲೂಕಿಗೆ ಹೊಸದಲ್ಲ. ಅದನ್ನು ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇವರೆಗೆ ನಾಯಿಯನ್ನು ಕಾಡಿಗೆ ಬಿಡುವುದೂ ಬೇಡ, ಬರಿಗೈಯಲ್ಲಿ ಉಣುಗು ಕಿತ್ತು ಉಗುರಿನಲ್ಲಿ ಒರೆಯುವುದೂ ಬೇಡ. ರಾತ್ರಿ ನಾಯಿ ಮನೆಯೊಳಗೇ ಇರಲಿ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುವುದೆಂದರೆ ಚಿರತೆಗೆ ಎಲೆ ಹಾಕಿದಂತೆ.

ನೀವು ಮರಳಿದಾಗ? ಸ್ವೀಡನ್ನಿನಲ್ಲಿ ನಾಯಿಗಳನ್ನು ಅರ್ಧ, ಎರಡು, ನಾಲ್ಕು ಗಂಟೆ ಮನೆಯಲ್ಲಿ ಒಂಟಿ ಬಿಟ್ಟು ನೋಡಿದ್ದರು, 2011ರಲ್ಲಿ ಪ್ರಕಟವಾಯಿತು. ಅರ್ಧ ಗಂಟೆಗಿಂತ ಎರಡು ಗಂಟೆಯ ಅಗಲಿಕೆಗೆ ಸ್ವಾಗತ ಜೋರಾಗಿತ್ತು, ಆಮೇಲೆ ಹೆಚ್ಚಲಿಲ್ಲ. ನಾಲ್ಕು ದಿನದ ಲೆಕ್ಕ ಅದರಲ್ಲಿಲ್ಲ. ದಣಪೆ ದಾಟುವಾಗ ಕುಣಿತವೆಲ್ಲ ಮುಗಿದ ಮೇಲೆ ನಿಮ್ಮ ಕಾಲು ಮೂಸುವ ವಿಚಾರಣೆಯೊಂದು ಇದ್ದೇ ಇದೆ, ಮದುವೆಮನೆಯಲ್ಲಿ ನೀವು ತಲೆ ಸವರಿದ ನಾಯಿ ಯಾವುದೆಂದು.