ಅಕ್ಷರ ಒಡೆಯದಂತೆ ಓದುವ ಲೆಕ್ಕ

ಬಡಗ ನುಡಿಯ ಮುದ್ರಿತ ಪುಸ್ತಕವೊಂದು 1890ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಅದರ ಲಿಪಿ ಕನ್ನಡ. ನೀಲಗಿರಿಯ ಇಂತಹ ಬರಹಗಳು ಇಂದು ಕಂಪ್ಯೂಟರಿನ ಕಡತಗಳಾಗುವಾಗ, ಅವುಗಳನ್ನು ಓದುವ ಪ್ರೋಗ್ರಾಮು ಸ್ಮೃತಿಯಲ್ಲಿ ಎಷ್ಟು ಜಾಗವನ್ನು ಕಾದಿರಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಈ ತಾತ್ಕಾಲಿಕ ಜಾಗಕ್ಕೆ ಬಫರ್ ಎಂದು ಹೆಸರು.

‘ಗೂಡಲೂರು’ ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಯೂನಿಕೋಡಿನಲ್ಲಿ ನಾಲ್ಕು ವ್ಯಂಜನಗಳಿಗೂ ಮೂರು ಸ್ವರಚಿಹ್ನೆಗಳಿಗೂ ಬೇರೆಬೇರೆ ಸಂಕೇತಗಳಿರುವುದರಿಂದ ಒಟ್ಟು ಏಳು. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ 3 ಬೈಟುಗಳನ್ನು ಬೇಡುತ್ತದೆ. ಹೀಗೆ ಪದಕ್ಕೆ 21 ಬೈಟು. ಇ-ಅಂಚೆಯ ಲಗತ್ತುಗಳಲ್ಲಿ ಬಳಸುವ ಬೇಸ್64 ಕ್ರಮವು ಪ್ರತಿ 3 ಬೈಟುಗಳನ್ನು 4 ಚಿಹ್ನೆಗಳಾಗಿ ಬರೆಯುತ್ತದೆ. ಆಗ ಅದೇ ಪದ 28 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಬಿಡಿಸುವಾಗ ಲೆಕ್ಕ ತಿರುಗಮುರುಗ: ಸಾಲುಮುರಿತಗಳನ್ನು ತೆಗೆದು, ಉಳಿದ ಉದ್ದವನ್ನು 4ರಿಂದ ಭಾಗಿಸಿ 3ರಿಂದ ಗುಣಿಸಬೇಕು.

60 ಮೆಗಾಬೈಟಿನ ಬೇಸ್64 ಕಡತವನ್ನು ಒಮ್ಮೆಗೇ ಬಿಡಿಸಲು ಹೊರಟರೆ, ಮೂಲಕ್ಕೆ 60, ಫಲಿತಕ್ಕೆ ಸುಮಾರು 45 ಮೆಗಾಬೈಟು ಸ್ಮೃತಿ ಬೇಕು. ಅದರ ಬದಲು 65,536 ಬೈಟುಗಳ ಕಂತುಗಳಲ್ಲಿ ಓದಿದರೆ, ಪ್ರತಿ ಕಂತಿನ ಫಲಿತಕ್ಕೆ 49,152 ಬೈಟು ಸಾಕು. ಸಾಲುಮುರಿತಗಳನ್ನು ತೆಗೆದ ಮೇಲೆ ನಾಲ್ಕರ ಗುಂಪಿಗೆ ಸೇರದೆ ಉಳಿದ ಚಿಹ್ನೆಗಳನ್ನು ಮುಂದಿನ ಕಂತಿಗೆ ಸೇರಿಸಬೇಕು.

ಆದರೆ ಕಂತಿನ ಕೊನೆಯು ಸಂಕೇತದ ಕೊನೆಯೇ ಆಗಿರಬೇಕೆಂದಿಲ್ಲ. 49,152 ಎಂಬುದು 3ರಿಂದ ಭಾಗವಾಗುವ ಸಂಖ್ಯೆಯಾದರೂ, ಪದಗಳ ನಡುವಣ ಖಾಲಿ ಜಾಗಕ್ಕೆ ಒಂದೇ ಬೈಟು. ಒಂದು ಖಾಲಿ ಜಾಗ ಬಂದೊಡನೆ ಹೊಂದಾಣಿಕೆ ತಪ್ಪುತ್ತದೆ. ಬಡಗದಲ್ಲಿ ಮತ್ತೊಂದು ತೊಡಕುಂಟು. ಎಂ. ಬಿ. ಎಮೆನೋ 1939ರಲ್ಲಿ ವಿವರಿಸಿದ, ನಾಲಗೆಯನ್ನು ಮಡಿಸಿ ಉಚ್ಚರಿಸುವ ಸ್ವರಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲ. ಅವುಗಳನ್ನು ಸೂಚಿಸಲು ಯೂನಿಕೋಡಿನ ಸಾಮಾನ್ಯ ಅಡಿಚುಕ್ಕೆಯನ್ನು ಬಳಸಿದರೆ, ಅದು 2 ಬೈಟುಗಳ ಚಿಹ್ನೆ.

ಅರ್ಧಕ್ಕೆ ತುಂಡಾದ ಸಂಕೇತವನ್ನು ಹಾಗೆಯೇ ಓದಿದ ಪ್ರೋಗ್ರಾಮು ಅದರ ಸ್ಥಾನದಲ್ಲಿ ಪ್ರಶ್ನಾರ್ಥಕವುಳ್ಳ ಕಪ್ಪು ವಜ್ರಾಕೃತಿಯನ್ನು ಇರಿಸುವುದುಂಟು. ಆ ರೂಪದಲ್ಲಿಯೇ ಕಡತವನ್ನು ಉಳಿಸಿ ಮೂಲವನ್ನು ಅಳಿಸಿದರೆ ಅಕ್ಷರ ಮರಳಿ ಬಾರದು. ಪರಿಹಾರ ಸರಳ: ಕೊನೆಯಲ್ಲಿ ಅಪೂರ್ಣವಾಗಿ ಉಳಿದ ಬೈಟುಗಳನ್ನು ತೆಗೆದಿರಿಸಿ ಮುಂದಿನ ಕಂತಿನ ಮೊದಲಿಗೆ ಜೋಡಿಸಬೇಕು. ಅವು ಎಂದಿಗೂ 3ನ್ನು ಮೀರವು. ಆದ್ದರಿಂದ ಫಲಿತದ ಬಫರಿಗೆ 49,155 ಬೈಟುಗಳನ್ನು ಕಾದಿರಿಸಿದರೆ, ಕಡತವು ಎಷ್ಟೇ ದೊಡ್ಡದಾದರೂ ಒಂದಕ್ಷರವೂ ಒಡೆಯದು.